ಹತ್ತಿರದಲ್ಲೇ ಚೈನ್ ಅಂಗಡಿ ಬಂದರೆ ನನ್ನ ಕಿರಾಣಿ ಉಳಿಯುತ್ತಾ?

ಪ್ರಶ್ನೆ: ಸರ್, ಕಲಬುರಗಿಯ ಆಳಂದ ರಸ್ತೆ ಕಡೆ ನಮ್ಮದೊಂದು ಕಿರಾಣಿ ಅಂಗಡಿ ಇದೆ. ತಂದೆಯವರು ಶುರು ಮಾಡಿದ್ದು. ಗಲ್ಲಾದ ಮೇಲೆ ನಾನು ಕೂತು 19 ವರ್ಷ ಆಯ್ತು. ದಿನಕ್ಕೆ ಸುಮಾರು 12 ಸಾವಿರ ವ್ಯಾಪಾರ. ಬಾಡಿಗೆ 9 ಸಾವಿರ, ಕರೆಂಟ್ ಬಿಲ್ಲು ಎರಡೂವರೆ ಸಾವಿರ, ಸಂಜೆ ಬರುವ ಹುಡುಗನಿಗೆ ಪಗಾರ 7 ಸಾವಿರ. ಉದ್ರಿ 2 ಲಕ್ಷ 60 ಸಾವಿರ ಹೊರಗಿದೆ. ಈಗ ನಮ್ಮಿಂದ 300 ಮೀಟರ್ ದೂರದಲ್ಲಿ ದೊಡ್ಡ ಕಂಪನಿಯ ಚೈನ್ ಅಂಗಡಿ ಬರ್ತಾ ಇದೆ. ದೀಪಾವಳಿಗೆ ಓಪನಿಂಗ್ ಅಂತೆ. ವ್ಯಾಪಾರಿ ಸಂಘದವರು ಪಾಲಿಕೆಗೆ ಅರ್ಜಿ ಕೊಟ್ಟು ನಿಲ್ಲಿಸೋಣ, ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಇದೆಯಲ್ಲ ಅಂತಾರೆ. ಮಾವನವರು ಈಗಿಂದಲೇ ಎಲ್ಲ ಮಾಲಿನ ರೇಟು ಇಳಿಸು ಅಂತಾರೆ. ನನಗೆ ಬ್ಯಾಂಕಿನಿಂದ 6 ಲಕ್ಷ ಸಾಲ ತೆಗೆದು ಎ.ಸಿ., ಹೊಸ ರ‍್ಯಾಕು ಹಾಕಿಸುವ ಯೋಚನೆ. ಮಗ ಬಿ.ಕಾಂ. ಮುಗಿಸಿದ್ದಾನೆ. ಫ್ರಾಂಚೈಸಿ ತಗೊಳ್ಳೋಣ, ಇಲ್ಲಾಂದ್ರೆ ನಾನು ಆ ಚೈನ್ ಅಂಗಡಿಯಲ್ಲೇ ಕೆಲಸಕ್ಕೆ ಸೇರ್ತೀನಿ ಅಂತಾನೆ. ಓಣಿಯಲ್ಲಿ ತಲೆ ಎತ್ತಿ ತಿರುಗೋದು ಹೇಗೆ? ಕೊನೆಗೆ ಒಂದು ಸಣ್ಣ ಮಾತು: ಬೋರ್ಡು ಬದಲಿಸಿ 'ಸೂಪರ್ ಮಾರ್ಕೆಟ್' ಅಂತ ಹಾಕಿಸಲೇ? ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ್ದು ಐದಾರು ಪ್ರಶ್ನೆ. ಎಲ್ಲದರ ಒಳಗೆ ಇರುವ ಭಯ ಒಂದೇ, ಗಿರಾಕಿ ಹೋಗಿಬಿಟ್ಟರೆ ಮುಂದೇನು ಎಂಬುದು. ಆ ಭಯ ಸುಮ್ನೆ ಅಲ್ಲ. ಗಿರಾಕಿ ಹೋಗ್ತಾರೆ. ಎಲ್ಲರೂ ಹೋಗಲ್ಲ, ಹೋದವರೂ ಪೂರ್ತಿ ಹೋಗಲ್ಲ. ನಾನು ಹನ್ನೊಂದು ವರ್ಷ ಈ ಭಾಗದಲ್ಲೇ ಏಜೆನ್ಸಿ ಸೇಲ್ಸ್‌ಮನ್ ಆಗಿ ಬೈಕಿನ ಮೇಲೆ ಅಂಗಡಿ ಅಂಗಡಿ ತಿರುಗಿದವನು. ಆಮೇಲೆ ಆರು ವರ್ಷ ಹೈದರಾಬಾದಿನಲ್ಲಿ ಒಂದು ಚೈನ್ ಕಂಪನಿಯ ಖರೀದಿ ವಿಭಾಗದಲ್ಲಿದ್ದೆ. ಈಗ ಸಣ್ಣ ಅಂಗಡಿಗಳ ಲೆಕ್ಕ ನೋಡುವುದೇ ಕೆಲಸ. ಹಾಗಾಗಿ ಮೊದಲು ಲೆಕ್ಕ, ಕಾನೂನಿನ ಮಾತು ಆಮೇಲೆ.

ದಿನಕ್ಕೆ 12 ಸಾವಿರ ಅಂದರೆ ತಿಂಗಳಿಗೆ 3 ಲಕ್ಷ 60 ಸಾವಿರ. ನಿಮ್ಮಂಥ ಅಂಗಡಿಯಲ್ಲಿ ಹಾಲು, ಎಣ್ಣೆ, ಸಕ್ಕರೆ, ಸೋಪು, ಬಿಸ್ಕೆಟ್ಟು ಎಲ್ಲ ಸೇರಿಸಿ ನೂರಕ್ಕೆ ಹತ್ತು ರೂಪಾಯಿ ಉಳಿದರೆ ಚೆನ್ನಾಗಿದೆ ಅಂತಲೇ ಅರ್ಥ. ಹತ್ತೇ ಹಿಡಿಯೋಣ. ತಿಂಗಳಿಗೆ 36 ಸಾವಿರ. ಬಾಡಿಗೆ, ಕರೆಂಟು, ಹುಡುಗನ ಪಗಾರ ಸೇರಿ 18,500 ಹೋಯ್ತು. ನಿಮ್ಮ ಕೈಗೆ 17,500. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ನೀವು ಕೂತದ್ದು, ಮಧ್ಯಾಹ್ನ ಮನೆಯವರು ಕೂತದ್ದು, ಎರಡಕ್ಕೂ ಸೇರಿ ಅಷ್ಟೇ.

ಈಗ ಮಾವನವರ ಮಾತು ಕೇಳಿ ಎಲ್ಲ ಮಾಲಿಗೂ ನೂರಕ್ಕೆ ಐದು ರೂಪಾಯಿ ಇಳಿಸಿದಿರಿ ಅನ್ನಿ. ಒಬ್ಬ ಗಿರಾಕಿಯೂ ಹೋಗಲಿಲ್ಲ, ಅಷ್ಟೇ ಮಾಲು ಮಾರಿದಿರಿ. ವ್ಯಾಪಾರ 3 ಲಕ್ಷ 42 ಸಾವಿರ. ಮಾಲಿನ ಅಸಲು 3 ಲಕ್ಷ 24 ಸಾವಿರ ಹಾಗೇ ಇದೆ. ಉಳಿದದ್ದು 18 ಸಾವಿರ. ಖರ್ಚು 18,500. ಕೈಯಿಂದಲೇ ಐನೂರು ಹೋಯ್ತು.

ಇನ್ನೊಂದು ಲೆಕ್ಕ ನೋಡಿ. ರೇಟು ಮುಟ್ಟಲಿಲ್ಲ, ಚೈನ್ ಅಂಗಡಿ ಬಂತು, ಐದರಲ್ಲಿ ಒಂದು ಪಾಲು ವ್ಯಾಪಾರ ಹೋಯ್ತು. 2 ಲಕ್ಷ 88 ಸಾವಿರಕ್ಕೆ ನೂರಕ್ಕೆ ಹತ್ತರಂತೆ 28,800. ಖರ್ಚು ಕಳೆದರೆ 10,300. ಕಷ್ಟವೇ, ಸುಳ್ಳು ಹೇಳಲ್ಲ. ಆದರೂ ಎಲ್ಲ ಗಿರಾಕಿ ಉಳಿಸಿಕೊಂಡು ರೇಟು ಇಳಿಸಿದ್ದಕ್ಕಿಂತ, ಗಿರಾಕಿ ಕಳೆದುಕೊಂಡು ರೇಟು ಉಳಿಸಿಕೊಂಡದ್ದೇ ಲೇಸು. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಳ್ಳಿ. ನಾನು ನೋಡಿದ ಹಾಗೆ, ಚೈನ್ ಅಂಗಡಿ ಬಂದು ಮುಚ್ಚಿದ ಕಿರಾಣಿಗಳಿಗಿಂತ, ಅದು ಬಂತು ಅಂತ ಹೆದರಿ ರೇಟು ಕೆಡಿಸಿಕೊಂಡು ಮುಚ್ಚಿದವು ಜಾಸ್ತಿ.

ಅವರಿಗೆ ಅಷ್ಟು ಕಡಿಮೆಗೆ ಹೇಗೆ ಗಿಟ್ಟುತ್ತೆ? ಸಂಘದಲ್ಲಿ ಇದಕ್ಕೆ ಒಂದು ಉತ್ತರ ಸದಾ ಸಿದ್ಧ ಇರುತ್ತೆ: ಮಾಲು ಖರಾಬು, ಡುಪ್ಲಿಕೇಟು. ಹಾಗೇನಿಲ್ಲ. ಅದೇ ಕಂಪನಿ, ಅದೇ ಸೋಪು. ಅವರು ಏಜೆನ್ಸಿಯನ್ನು ದಾಟಿ ನೇರ ಕಂಪನಿಯಿಂದ ಕೊಳ್ಳುತ್ತಾರೆ. ಕಣ್ಣಿಗೆ ಬೀಳುವ ರ‍್ಯಾಕಿನಲ್ಲಿ ಮಾಲು ಇಡೋದಕ್ಕೆ ಕಂಪನಿಯೇ ಅವರಿಗೆ ದುಡ್ಡು ಕೊಡುತ್ತೆ. ಖರೀದಿ ವಿಭಾಗದಲ್ಲಿ ನಮ್ಮ ಹತ್ತಿರ ಒಂದು ಪಟ್ಟಿ ಇರುತ್ತಿತ್ತು. ಗೃಹಿಣಿಯರಿಗೆ ರೇಟು ಬಾಯಿಪಾಠ ಇರುವ ಮಾಲುಗಳ ಪಟ್ಟಿ ಅದು. ಸಕ್ಕರೆ, ಅಡುಗೆ ಎಣ್ಣೆ, ಬೇಳೆ, ಈರುಳ್ಳಿ, ಒಂದೆರಡು ಸೋಪು, ಚಹಾಪುಡಿ, ಅಷ್ಟೇ. ಇಪ್ಪತ್ತು ಸಾಮಾನು ದಾಟುತ್ತಿರಲಿಲ್ಲ. ಅವುಗಳಲ್ಲಿ ಲಾಭ ಬಿಟ್ಟು, ಕೆಲವು ಸಲ ಅಸಲಿಗಿಂತಲೂ ಕೆಳಗೆ ಮಾರಿ, ಪ್ಲಾಸ್ಟಿಕ್ ಡಬ್ಬಿ, ಬೆಡ್‌ಶೀಟು, ಬಟ್ಟೆ, ಪಾತ್ರೆ, ತಮ್ಮದೇ ಹೆಸರಿನ ಪ್ಯಾಕೆಟ್ಟುಗಳಲ್ಲಿ ತುಂಬಿಕೊಳ್ಳುತ್ತಿದ್ದೆವು. ಸಕ್ಕರೆಗೆ ಅಂತ ಬಂದವರು ಬಕೆಟ್ ತಗೊಂಡು ಹೋಗ್ತಾರಲ್ಲ, ಆ ಬಕೆಟ್ಟೇ ವ್ಯಾಪಾರ. ನಿಮ್ಮ ಅಂಗಡಿಯಲ್ಲಿ ಬಕೆಟ್ ಇಲ್ಲ. ಹಾಗಾಗಿ ಸಕ್ಕರೆಯಲ್ಲಿ ಅವರ ಜೊತೆ ಪಂದ್ಯಕ್ಕೆ ನಿಲ್ಲಬೇಡಿ.

ಇನ್ನು ನಮ್ಮೂರಿನ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತೇ ಇದೆ. ಸಂಜೆ ಎ.ಸಿ. ಗಾಳಿಗೆ ಅಂತಲೇ ಅರ್ಧ ಓಣಿ ಅಲ್ಲಿ ಸುತ್ತಾಡುತ್ತೆ. ಅದಕ್ಕೂ ಉಪಾಯ ಇಲ್ಲ ಬಿಡಿ.

ಹೋಗುವುದು ಏನು, ಉಳಿಯುವುದು ಏನು? ಮೊದಲು ಹೋಗುವುದು ತಿಂಗಳ ಯಾದಿ. ಪಗಾರ ಆದ ವಾರ ಎರಡು ಚೀಲ ತುಂಬಿ ಒಯ್ಯುವ ನೌಕರಿ ಮನೆಗಳು. ಐದು ಲೀಟರ್ ಎಣ್ಣೆ, ದೊಡ್ಡ ಸರ್ಫಿನ ಪ್ಯಾಕೆಟ್ಟು, ಹತ್ತು ಕೆಜಿ ಹಿಟ್ಟು ಹೀಗೆ. ಇವನ್ನು ಈಗಿನಷ್ಟು ತುಂಬಿಸಿ ಇಡಬೇಡಿ. ದೀಪಾವಳಿಗೆ ಒಂದು ತಿಂಗಳ ಮೊದಲಿನಿಂದಲೇ ದೊಡ್ಡ ಪ್ಯಾಕೆಟ್ಟುಗಳ ಆರ್ಡರು ಅರ್ಧ ಮಾಡಿ. ಸ್ಕೀಮಿನ ಆಸೆಗೆ ಏಜೆನ್ಸಿ ಹುಡುಗ ಹೇಳಿದಷ್ಟು ಇಳಿಸಿಕೊಳ್ಳಬೇಡಿ. ನಾನೇ ಆ ಹುಡುಗ ಆಗಿದ್ದೆ, ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಲು ಎಷ್ಟು ಅಂಗಡಿಗಳಿಗೆ ಬೇಡದ ಮಾಲು ತುಂಬಿದ್ದೇನೋ ಲೆಕ್ಕ ಇಲ್ಲ.

ಉಳಿಯುವುದು ದಿನದ ಗಿರಾಕಿ. ಬೆಳಿಗ್ಗೆ ಆರಕ್ಕೆ ಹಾಲು, ಮಗು ಸ್ಕೂಲಿಗೆ ಹೋಗುವಾಗ ಹತ್ತು ರೂಪಾಯಿ ಬಿಸ್ಕೆಟ್ಟು, ರಾತ್ರಿ ಒಂಬತ್ತೂವರೆಗೆ ನೆಂಟರು ಬಂದಾಗ ಅರ್ಧ ಕೆಜಿ ರವೆ, ದಿನಗೂಲಿಯವರ ಕಾಲು ಕೆಜಿ ಎಣ್ಣೆ. ಇದಕ್ಕೆ ಯಾರೂ ಟ್ರಾಲಿ ತಳ್ಳಿಕೊಂಡು ಬಿಲ್ಲಿಂಗ್ ಸಾಲಿನಲ್ಲಿ ನಿಲ್ಲಲ್ಲ. ಸಣ್ಣ ಅಳತೆಯಲ್ಲೇ ನಿಮಗೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಸಿಗೋದು, ಗಮನಿಸಿದ್ದೀರಾ?

ಇದರಲ್ಲೇ ನಿಮ್ಮ ಕೈಲಿರುವ ಒಂದು ಗಟ್ಟಿ ಮಾಲು ಇದೆ, ಬಿಡಿ ತೊಗರಿ ಬೇಳೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಆ ಬೇಳೆ ನಿಮಗೆ ಸಗಟು ಪೇಟೆ ನೆಹರು ಗಂಜ್‌ನಲ್ಲಿ ಕೈಗೆಟಕುತ್ತೆ. ಜೊತೆಗೆ ತೆರಿಗೆಯ ಅನುಕೂಲವೂ ಇದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಚ್ಚಿದ ಬೇಳೆ, ಅಕ್ಕಿ, ಹಿಟ್ಟಿನ ಪ್ಯಾಕೆಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಗಿರಾಕಿಯ ಮುಂದೆ ತೂಗಿ ಕೊಡುವ ಬಿಡಿ ಮಾಲಿಗೆ ಇಲ್ಲ. ನೀವು ಬಿಡಿಯಾಗಿಯೇ ಮಾರಿ. ಸ್ವಂತ ಲೇಬಲ್ ಹಚ್ಚಿ ಪ್ಯಾಕ್ ಮಾಡಿದರೆ ಆ ಅನುಕೂಲ ಹೋಯ್ತು. ಬಿಳಿಜೋಳ, ಸಜ್ಜೆ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕುಸುಬಿ ಎಣ್ಣೆ, ಓಣಿಯ ಹೆಣ್ಣುಮಕ್ಕಳು ಮಾಡುವ ಕಟಿ ರೊಟ್ಟಿ, ಇವೂ ಇರಲಿ. ಎಳ್ಳ ಅಮಾವಾಸ್ಯೆಗೆ ಯಾವ ಮನೆಗೆ ಎಷ್ಟು ಸಜ್ಜೆ, ರಂಜಾನಿಗೆ ಯಾರಿಗೆ ಯಾವ ಶ್ಯಾವಿಗೆ ಅಂತ ನಿಮಗೆ ಗೊತ್ತು. ಚೈನ್ ಅಂಗಡಿಯವರೂ ಆಮೇಲಾಮೇಲೆ ಕಲಿಯುತ್ತಾರೆ, ಅವರು ದಡ್ಡರಲ್ಲ. ಆದರೆ ಅವರ ಆರ್ಡರು ಬೇರೆ ಊರಿನ ಆಫೀಸಿನಿಂದ ಬರಬೇಕು. ಕಲಿಯೋದು ನಿಧಾನ.

ಈಗ ಉದ್ರಿ. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಗಾಬರಿ ಹುಟ್ಟಿಸಿದ್ದು ಇದೊಂದೇ ಸಾಲು. 2 ಲಕ್ಷ 60 ಸಾವಿರ ಅಂದರೆ ನಿಮ್ಮ 15 ತಿಂಗಳ ಉಳಿಕೆ. ಅಷ್ಟೂ ಬೇರೆಯವರ ಮನೆಯಲ್ಲಿದೆ. ಉದ್ರಿ ಕೊಟ್ಟರೆ ಗಿರಾಕಿ ಕಟ್ಟಿಹಾಕಿದ ಹಾಗೆ ಅಂತ ನಮ್ಮ ಹಿರಿಯರು ನಂಬಿದ್ದರು. ಬೇರೆ ಅಂಗಡಿ ಇಲ್ಲದ ಕಾಲಕ್ಕೆ ಅದು ಸರಿ. ಪಕ್ಕದಲ್ಲಿ ಹೊಸ ಅಂಗಡಿ ಬಂದಾಗ ಆಗೋದೇ ಬೇರೆ. ಐದು ಸಾವಿರ ಬಾಕಿ ಇಟ್ಟವರಿಗೆ ನಿಮ್ಮ ಮುಖ ನೋಡಲು ಸಂಕೋಚ. ಅವರು ಕೈಯಲ್ಲಿ ನಗದು ಇದ್ದಾಗ ಚೈನ್ ಅಂಗಡಿಗೆ ಹೋಗ್ತಾರೆ, ನಿಮ್ಮ ಓಣಿ ತಪ್ಪಿಸಿ ಸುತ್ತು ಹಾಕ್ತಾರೆ. ಹೀಗೆ ದುಡ್ಡೂ ಹೋಗುತ್ತೆ, ಗಿರಾಕಿಯೂ ಹೋಗ್ತಾನೆ. ಹಾಗಾಗಿ ಓಪನಿಂಗಿಗೆ ಮುಂಚೆ ವಸೂಲಿ ಮಾಡಿ. ಜಗಳ ಬೇಡ. ಒಬ್ಬೊಬ್ಬರನ್ನೇ ಕೂರಿಸಿ, ಖಾತೆ ತೋರಿಸಿ, ಬಾಕಿ ಇಷ್ಟು ಅಂತ ಸಹಿ ಮಾಡಿಸಿಕೊಳ್ಳಿ. ತಿಂಗಳಿಗೆ ಐನೂರೋ ಸಾವಿರವೋ ಕಂತು ಮಾಡಿ. ಸಹಿಗೆ ಬೆಲೆ ಇದೆ. ಮಾರಿದ ಮಾಲಿನ ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಆ ಗಡುವಿನೊಳಗೆ ಬಾಕಿ ಒಪ್ಪಿ ಸಹಿ ಮಾಡಿದರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತೆ. ಐದೋ ಆರೋ ಮನೆಯವರು ಕೊಡುವುದೇ ಇಲ್ಲ ಅಂತ ನಿಮಗೂ ಗೊತ್ತಿರುತ್ತೆ. ಅವರಿಗೆ 'ಅರ್ಧ ಕೊಡಿ, ಖಾತೆ ಮುಗಿಸೋಣ' ಅನ್ನಿ. ಅರ್ಧವಾದರೂ ಬಂತು, ಅವರು ಮತ್ತೆ ಅಂಗಡಿ ಮೆಟ್ಟಿಲು ಹತ್ತುತ್ತಾರೆ. ಉದ್ರಿ ಪೂರ್ತಿ ನಿಲ್ಲಿಸಿ ಅಂತ ಹೇಳಲ್ಲ. ಪ್ರತಿ ತಿಂಗಳು ಸರಿಯಾಗಿ ಕೊಡುವ ಮನೆಗಳಿಗೆ ಮುಂದುವರಿಸಿ. ಚೈನ್ ಅಂಗಡಿ ಕೊಡಲಾರದ ಒಂದು ಸೌಕರ್ಯ ಅದು.

ಸಂಘದ ವಿಷಯ ಬೇಗ ಮುಗಿಸುತ್ತೇನೆ. 371(ಜೆ) ಬಂದದ್ದು ಸಂವಿಧಾನದ 98ನೇ ತಿದ್ದುಪಡಿಯಿಂದ, 2012ರಲ್ಲಿ. ಅದರ ಮೀಸಲಾತಿ ನಮ್ಮ ಭಾಗದವರಿಗೆ ಕಾಲೇಜು ಸೀಟು ಮತ್ತು ಸರ್ಕಾರಿ ನೌಕರಿಗೆ. ಖಾಸಗಿ ಅಂಗಡಿ ಯಾರು ಹಾಕಬೇಕು ಅನ್ನೋದಕ್ಕೆ ಅದು ಸಂಬಂಧಿಸಿದ್ದಲ್ಲ. ವಿದೇಶಿ ಕಂಪನಿ ಅಂತ ತಡೆಯೋಣ ಅನ್ನುವವರೂ ಇರ್ತಾರೆ. 2012ರ ನಿಯಮದಲ್ಲಿ ರಾಜ್ಯದ ಒಪ್ಪಿಗೆ ಬೇಕಿರುವುದು ಇಂಥ ಅಂಗಡಿಗಳಲ್ಲಿ ಶೇ 51ರವರೆಗೆ ವಿದೇಶಿ ಬಂಡವಾಳ ಹಾಕುವವರಿಗೆ. ಭಾರತದ್ದೇ ಕಂಪನಿಯಾದರೆ ಆ ಮಾತು ಬರಲ್ಲ. ಎಂಆರ್‌ಪಿಗಿಂತ ಜಾಸ್ತಿಗೆ ಮಾರಿದರೆ ತಪ್ಪು, ಕಡಿಮೆಗೆ ಮಾರಿದರೆ ಅಲ್ಲ. ಪಾಲಿಕೆಯ ಪರವಾನಗಿ, ಆಹಾರ ಸುರಕ್ಷತಾ ಲೈಸೆನ್ಸ್ ಇದ್ದರೆ ಅಂಗಡಿ ತೆರೆಯುತ್ತೆ. ಅರ್ಜಿಯಿಂದ ಒಂದೆರಡು ವಾರ ತಡ ಆಗಬಹುದು, ಅಷ್ಟೇ.

ಆದರೆ ಸಂಘಕ್ಕೆ ಕೆಲಸ ಇಲ್ಲ ಅಂತಲ್ಲ. ಪಾರ್ಕಿಂಗ್ ಜಾಗ ನಕ್ಷೆಯಲ್ಲಿ ತೋರಿಸಿದಂತೆ ಇದೆಯಾ, ಮಾಲಿನ ಲಾರಿ ಹಗಲು ರಸ್ತೆಯಲ್ಲಿ ನಿಲ್ಲುತ್ತಾ, ಬೋರ್ಡಿನಲ್ಲಿ 2024ರ ಕಾನೂನಿನ ಪ್ರಕಾರ ಶೇ 60 ಕನ್ನಡ ಇದೆಯಾ ಅಂತ ಕೇಳಬಹುದು. ಎದುರಿಗೆ ತಳ್ಳುಗಾಡಿಯಲ್ಲಿ ತರಕಾರಿ ಮಾರುವವರನ್ನು ಎಬ್ಬಿಸಲು ನೋಡಿದರೆ ಅವರ ಪರ ನಿಲ್ಲಬಹುದು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. ತರಕಾರಿಗೆ ಬಂದವರೇ ನಿಮ್ಮಲ್ಲಿ ಎಣ್ಣೆ ಕೊಳ್ಳೋದು, ಅಲ್ವಾ? ಸಂಘಕ್ಕೆ ಹೋಗುವ ಮುಂಚೆ ನಿಮ್ಮ ತೂಕದ ಕಾಟಾಕ್ಕೆ ಮುದ್ರೆ ಇದೆಯಾ ನೋಡಿಕೊಳ್ಳಿ. ದೂರು ಕೊಟ್ಟಾಗ ಇನ್‌ಸ್ಪೆಕ್ಟರ್ ಎರಡೂ ಕಡೆ ಬರ್ತಾರೆ.

ನೀವು ಕೇಳದೇ ಇದ್ದ ಒಂದು ಮಾತು. ದಿನಕ್ಕೆ 12 ಸಾವಿರ ಅಂದರೆ ವರ್ಷಕ್ಕೆ 43 ಲಕ್ಷ. ಜಿಎಸ್‌ಟಿ ನೋಂದಣಿಯ ಮಿತಿ ಮಾಲು ಮಾರುವವರಿಗೆ 40 ಲಕ್ಷ. ಬಿಡಿ ಬೇಳೆ, ಅಕ್ಕಿಯಂಥ ತೆರಿಗೆ ಇಲ್ಲದ ಮಾಲೂ ಈ ಲೆಕ್ಕಕ್ಕೆ ಸೇರುತ್ತೆ. ಬೀಡಿ, ಸಿಗರೇಟು, ಪಾನ್ ಮಸಾಲಾ, ಐಸ್‌ಕ್ರೀಮ್ ಮಾರುವವರಿಗೆ ಆ 40ರ ರಿಯಾಯಿತಿ ಅನ್ವಯಿಸಲ್ಲ, ಅವರಿಗೆ 20 ಲಕ್ಷವೇ ಮಿತಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬೇಕು. ಆಗ ಎಷ್ಟೋ ಜನ ಕ್ಯೂಆರ್ ಸ್ಟಿಕರ್ ಕಿತ್ತು ಹಾಕಿದರು. ನೀವು ಹಾಗೆ ಮಾಡಬೇಡಿ. ಹತ್ತಿರದಲ್ಲಿ ಫೋನ್ ಪೇಮೆಂಟ್ ತೆಗೆದುಕೊಳ್ಳುವ ದೊಡ್ಡ ಅಂಗಡಿ ಇರುವಾಗ 'ಕ್ಯಾಶ್ ಮಾತ್ರ' ಅಂದರೆ ಗಿರಾಕಿಯನ್ನು ನೀವೇ ಕೈಹಿಡಿದು ಅಲ್ಲಿಗೆ ಬಿಟ್ಟು ಬಂದ ಹಾಗೆ. ಜಿಎಸ್‌ಟಿಯಲ್ಲಿ ಸಣ್ಣವರಿಗೆ ಇರುವ ಸರಳ ದಾರಿ ಕಂಪೋಸಿಷನ್ ಸ್ಕೀಮ್, ಅದಕ್ಕೆ ಸೇರಿ. ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳಿಗೆ, ತೆರಿಗೆ ಇರುವ ಮಾಲಿನ ವ್ಯಾಪಾರದ ಮೇಲೆ ಶೇ 1. ಗಿರಾಕಿಯಿಂದ ಅದನ್ನು ವಸೂಲಿ ಮಾಡುವಂತಿಲ್ಲ, ನೀವು ಕೊಂಡ ಮಾಲಿಗೆ ಕಟ್ಟಿದ ತೆರಿಗೆಯೂ ವಾಪಸ್ ಬರಲ್ಲ. ಆದರೂ ನೋಟಿಸಿನ ತಲೆನೋವು ತಪ್ಪುತ್ತೆ.

ಸಾಲ ಬೇಡ. 6 ಲಕ್ಷಕ್ಕೆ ಶೇ 12ರ ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 13,300. ನಿಮ್ಮ ಕೈಗೆ ಉಳಿಯುವುದೇ 17,500. ಎ.ಸಿ.ಯ ಕರೆಂಟು ಬೇರೆ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷದ ಹಿಂದೆ ಬೀದರಿನ ಒಬ್ಬ ಅಂಗಡಿಯವರಿಗೆ, ಕೌಂಟರ್ ತೆಗೆಸಿ, ರ‍್ಯಾಕು ಹಾಕಿಸಿ, ಗಿರಾಕಿಗಳೇ ಒಳಗೆ ಬಂದು ಮಾಲು ಆರಿಸಿಕೊಳ್ಳುವ ಹಾಗೆ ಮಾಡಿಸಿದೆ. ನೋಡಲು ಚೆಂದ ಆಯ್ತು. ಹಳೇ ಗಿರಾಕಿಗಳು ಬಾಗಿಲಲ್ಲೇ ನಿಂತರು. 'ಅಂಗಡಿ ಝಗಮಗ ಆಗ್ಯದ, ರೇಟೂ ಏರಿರ್ತದ' ಅಂದರು. ಚಪ್ಪಲಿ ಹೊರಗೆ ಬಿಡಬೇಕಾ ಅಂತ ಕೇಳಿದವರೂ ಇದ್ದರು! ಸಣ್ಣಪುಟ್ಟ ಕಳವೂ ಶುರುವಾಯ್ತು. ಆರು ತಿಂಗಳಿಗೆ ಕೌಂಟರ್ ವಾಪಸ್ ಬಂತು, ಸಾಲ ಮಾತ್ರ ಉಳಿಯಿತು. ಆ ಮನುಷ್ಯ ಈಗಲೂ ನನ್ನ ಜೊತೆ ಚಹಾ ಕುಡೀತಾರೆ, ಅದು ಅವರ ದೊಡ್ಡ ಗುಣ. ನಿಮಗೆ ಬೇಕಿರುವುದು ಚೆನ್ನಾದ ಬೆಳಕು, ಒಂದು ಫ್ರಿಜ್, ಫೋನಿನಲ್ಲಿ ಯಾದಿ ಕಳಿಸಿದರೆ ಮನೆಗೆ ಮುಟ್ಟಿಸುವ ಸೈಕಲ್ಲು. ಮೊದಲು ವಸೂಲಾದ ಉದ್ರಿಯಲ್ಲೇ ಇದೆಲ್ಲ ಆಗುತ್ತೆ.

ನಾಲ್ಕೈದು ಅಂಗಡಿಯವರು ಸೇರಿ ಗಂಜ್‌ನಲ್ಲಿ ಒಟ್ಟಿಗೆ ಖರೀದಿ ಮಾಡಿದರೆ ಸಕ್ಕರೆ, ಎಣ್ಣೆಯಲ್ಲಿ ನಾಲ್ಕು ಕಾಸು ಉಳಿಯುತ್ತೆ. ಆದರೆ ದುಡ್ಡು ಮುಂಗಡ ಹಾಕುವವರು ಯಾರು ಅಂತ ಮೊದಲೇ ತೀರ್ಮಾನ ಆಗಲಿ. ನಾನು ಕಂಡ ಇಂಥ ಗುಂಪುಗಳೆಲ್ಲ ಒಡೆದದ್ದು ಅಲ್ಲೇ.

ಫ್ರಾಂಚೈಸಿ ಬಗ್ಗೆ ನನಗೆ ಅನುಮಾನ ಜಾಸ್ತಿ. ಬಾಡಿಗೆ ನಿಮ್ಮದು, ಫರ್ನಿಚರ್ ನಿಮ್ಮದು, ಡಿಪಾಜಿಟ್ ನಿಮ್ಮದು. ರೇಟು, ಮಾಲು, ಕಂಪ್ಯೂಟರ್ ಅವರದು. ತಗೊಳ್ಳಲೇಬೇಕು ಅಂದರೆ ಮೂರು ಮಾತು ಕಾಗದದಲ್ಲಿ ಬರಲಿ. ಡೇಟು ಮುಗಿದ ಮಾಲಿನ ನಷ್ಟ ಯಾರದು, ನಿಮ್ಮ ಹತ್ತಿರದಲ್ಲೇ ಇನ್ನೊಂದು ಅಂಗಡಿ ಕೊಡಲ್ಲ ಅಂತ ಬರೆದುಕೊಡ್ತಾರಾ, ಬಿಟ್ಟು ಹೋದರೆ ಡಿಪಾಜಿಟ್ ಎಷ್ಟು ದಿನಕ್ಕೆ ವಾಪಸ್. ದೊಡ್ಡ ಹೆಸರು ಅಂತ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಚೆನ್ನೈನ ಸುಭಿಕ್ಷಾಗೆ ದೇಶದಲ್ಲಿ ಸುಮಾರು 1,600 ಅಂಗಡಿ ಇದ್ದವು. 2009ರ ಹೊತ್ತಿಗೆ ಎಲ್ಲ ಮುಚ್ಚಿದವು. ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯ್ತು.

ಮಗ ಚೈನ್ ಅಂಗಡಿಗೆ ಸೇರ್ತೀನಿ ಅಂದರೆ ಸೇರಲಿ ಬಿಡಿ. ನಿಮಗೆ ಬೇಜಾರು ಆಗುತ್ತೆ ಅಂತ ಗೊತ್ತು. ಆದರೆ ಲೆಕ್ಕ ಹಾಕಿ. ವ್ಯಾಪಾರ ಕುಸಿಯುವ ಮೊದಲ ಆರು ತಿಂಗಳು ಮನೆಗೆ ಒಂದು ಖಾಯಂ ಪಗಾರ ಬರುತ್ತೆ. ಮಾಲು ಯಾವ ವಾರ ಓಡುತ್ತೆ, ಡೇಟು ಹತ್ತಿರ ಬಂದದ್ದನ್ನು ಹೇಗೆ ಮುಂದೆ ಇಡ್ತಾರೆ, ಸ್ಟಾಕು ಹೇಗೆ ಎಣಿಸ್ತಾರೆ ಅಂತ ಹುಡುಗ ಪಗಾರ ಪಡೆದೇ ಕಲಿತು ಬರ್ತಾನೆ. ಓಣಿಯವರು ನಾಲ್ಕು ದಿನ ಆಡಿಕೊಳ್ತಾರೆ. ಅವರಲ್ಲಿ ಅರ್ಧ ಜನ ಆಗಲೇ ಅಲ್ಲಿಂದ ಚೀಲ ತುಂಬಿಕೊಂಡು ಬರ್ತಾ ಇರ್ತಾರೆ.

2008ರಲ್ಲಿ ದೆಹಲಿಯ ಇಕ್ರಿಯರ್ ಸಂಸ್ಥೆ ಇದೇ ಪ್ರಶ್ನೆ ಇಟ್ಟುಕೊಂಡು ಅಧ್ಯಯನ ಮಾಡಿತ್ತು. ದೊಡ್ಡ ಅಂಗಡಿಗಳ ಹತ್ತಿರದ ಸಣ್ಣ ಅಂಗಡಿಗಳ ವ್ಯಾಪಾರ ಮೊದಲು ಬಿದ್ದಿತ್ತು, ವರ್ಷ ಕಳೆದಂತೆ ಪೆಟ್ಟು ಕಡಿಮೆಯಾಗಿತ್ತು. ಈ ಪೈಪೋಟಿಯಿಂದಲೇ ಮುಚ್ಚಿದವು ವರ್ಷಕ್ಕೆ ಶೇ 1.7. ಅದು ಫೋನಿನಲ್ಲಿ ಸಾಮಾನು ತರಿಸುವ ಕಾಲಕ್ಕಿಂತ ಹಿಂದಿನ ಲೆಕ್ಕ, ಈಗ ಅದನ್ನೇ ನೆಚ್ಚಿಕೊಂಡು ಕೂರಲು ಆಗಲ್ಲ. ಆದರೆ ಮೊದಲ ತಿಂಗಳುಗಳ ಪೆಟ್ಟೇ ಜೋರು ಅನ್ನೋದು ನನ್ನ ಅನುಭವವೂ ಹೌದು. ಹಾಗಾಗಿ ದೀಪಾವಳಿಯಿಂದ ಯುಗಾದಿವರೆಗೆ ಯಾವ ದೊಡ್ಡ ತೀರ್ಮಾನವೂ ಬೇಡ. ದಿನದ ವ್ಯಾಪಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಯುಗಾದಿಗೆ ದಿನದ ವ್ಯಾಪಾರ 9 ಸಾವಿರದ ಮೇಲಿದ್ದರೆ ಅಂಗಡಿ ನಿಂತಿತು ಅನ್ನಿ. 7 ಸಾವಿರಕ್ಕೆ ಇಳಿದು ಅಲ್ಲೇ ನಿಂತರೆ ತಿಂಗಳಿಗೆ ಉಳಿಯೋದು ಎರಡೂವರೆ ಸಾವಿರ. ಆಗ ಹುಡುಗನನ್ನು ಬಿಡಬೇಕಾಗುತ್ತೆ, ಬಾಡಿಗೆ ಇಳಿಸಿ ಅಂತ ಮಾಲೀಕರನ್ನು ಕೇಳಬೇಕಾಗುತ್ತೆ. ಅದೂ ಆಗದಿದ್ದರೆ ಸಾಲ ಇಲ್ಲದೆ, ಮಾಲು ಖಾಲಿ ಮಾಡಿ, ಮರ್ಯಾದೆಯಿಂದ ಹೊರಗೆ ಬನ್ನಿ. ಸಾಲ ತೆಗೆಯಬೇಡಿ ಅಂದದ್ದು ಈ ದಾರಿ ತೆರೆದಿರಲಿ ಅಂತಲೂ ಹೌದು.

ಇನ್ನು ಬೋರ್ಡು. 'ಸೂಪರ್ ಮಾರ್ಕೆಟ್' ಬೇಡ. ತಂದೆಯವರ ಕಾಲದ ಹೆಸರೇ ಇರಲಿ, ಹೊಸ ಬಣ್ಣ ಹೊಡೆಸಿ ಸಾಕು. ಅಲ್ಲದೆ ಕಲಬುರಗಿಯಲ್ಲಿ ಆ ಹೆಸರಿನ ಪೇಟೆಯೇ ಇದೆ, ಯಾರಾದರೂ ಆಟೊ ಹತ್ತಿ ಸೂಪರ್ ಮಾರ್ಕೆಟ್ ಅಂದರೆ ಸೀದಾ ಸಿಟಿ ಬಸ್ ಸ್ಟ್ಯಾಂಡಿನ ಹತ್ತಿರ ಇಳಿಸಿ ಹೋಗ್ತಾರೆ.